ಗೋಧಿಯಾಗದವರ ಅಟ್ಟ: ಬಳಕೆದಾರರ ಕೈಪಿಡಿ, ಕಾನಸೂರು ಮಾದರಿ



ಅಭಿನಂದನೆಗಳು. ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳನ್ನು ಇನ್ನು ಜನ್ಮದಲ್ಲಿ ಮುಟ್ಟಕೂಡದು ಎಂಬ ವೈದ್ಯರ ಚೀಟಿ ತಮ್ಮ ಕೈ ಸೇರಿದೆ. ಮಿಕ್ಸಿ ಕೊಂಡರೆ ಪುಸ್ತಕ ಬರುತ್ತದೆ, ಕಾಯಿಲೆಯ ಜೊತೆ ಬರುವುದಿಲ್ಲ. ಆ ಕೊರತೆ ನೀಗಲು ಈ ಕೈಪಿಡಿ. ಶಿರಸಿ-ಸಿದ್ದಾಪುರ ರಸ್ತೆಯ ಕಾನಸೂರು ಹಾಗೂ ಸುತ್ತಲ ಸೀಮೆಯ, ಅಟ್ಟ ಇರುವ ಎಲ್ಲ ಮನೆಗಳಿಗೂ ಇದು ಅನ್ವಯಿಸುತ್ತದೆ. ಬೆಂಗಳೂರಿನ ಮೂರನೇ ಮಹಡಿಯಲ್ಲಿರುವ ಬಳಕೆದಾರರು ಅಟ್ಟ ಎಂದಿರುವಲ್ಲೆಲ್ಲ ಮಂಚದಡಿ ಎಂದು ಓದಿಕೊಳ್ಳತಕ್ಕದ್ದು.

ಚಾಲೂ ಮಾಡುವ ಮೊದಲು

ಚೀಟಿ ನಿಜವಾಗಿಯೂ ವೈದ್ಯರದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಮೊಬೈಲಿನಲ್ಲಿ ವಿಡಿಯೋ ನೋಡಿ ಗೋಧಿ ಬಿಟ್ಟವರಿಗೆ ಈ ಕೈಪಿಡಿಯ ಅಗತ್ಯವಿಲ್ಲ. ಅವರು ಮುಂದಿನ ತಿಂಗಳು ಬೇರೆ ವಿಡಿಯೋ ನೋಡಿ ಬೇರೇನೋ ಬಿಡುತ್ತಾರೆ. ಸೀಲಿಯಾಕ್ ಕಾಯಿಲೆ ಇರುವವರಿಗೆ ಮಾತ್ರ ಇದು ಆಯ್ಕೆಯ ಮಾತಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆ ಸೇರಿದೊಡನೆ ದೇಹದ ಕಾವಲು ಪಡೆ ಸಣ್ಣ ಕರುಳಿನ ಗೋಡೆಯ ಮೇಲೇ ತಿರುಗಿ ಬೀಳುತ್ತದೆ. ಆಹಾರ ಹೀರುವ ಸೂಕ್ಷ್ಮ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಹೊಟ್ಟೆ ಕೆಡುವುದು ಎಲ್ಲರಿಗೂ ಕಾಣುತ್ತದೆ. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತ, ವಯಸ್ಸಿಗೆ ತಕ್ಕ ಎತ್ತರ ಬಾರದ ಮಗು, ಸವೆದ ಮೂಳೆ ಇವುಗಳ ಹಿಂದೆಯೂ ಅದೇ ಇರಬಹುದು ಎಂಬುದು ಬೇಗ ಹೊಳೆಯುವುದಿಲ್ಲ.

ಮುಖ್ಯ ಸೂಚನೆ: ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ. ಗೋಧಿ ತಿನ್ನುತ್ತಿರುವಾಗ ಮಾತ್ರ ರಕ್ತದಲ್ಲಿ ಈ ಕಾಯಿಲೆಯ ಪ್ರತಿಕಾಯಗಳು ಸರಿಯಾಗಿ ಸಿಕ್ಕಿಬೀಳುತ್ತವೆ. ಮೊದಲೇ ಪಥ್ಯ ಹಿಡಿದು ಆಮೇಲೆ ಲ್ಯಾಬಿಗೆ ಹೋದರೆ ವರದಿ ಚೊಕ್ಕಟವಾಗಿ ಬರಬಹುದು, ಕಾಯಿಲೆ ಹಾಗೇ ಉಳಿಯುತ್ತದೆ.

ಊರಿನಲ್ಲಿ ಯಾರೂ ಈ ಹೆಸರು ಕೇಳಿಲ್ಲ ಎಂದು ನೊಂದುಕೊಳ್ಳಬೇಡಿ. 2016ರಲ್ಲಿ ಪ್ರಕಟವಾದ ದೇಶಮಟ್ಟದ ಅಧ್ಯಯನವೊಂದರಲ್ಲಿ ಈ ಪ್ರತಿಕಾಯಗಳು ಉತ್ತರ ಭಾರತದ ವಯಸ್ಕರಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಕಂಡರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಕಂಡವು. ಅನ್ನ ಉಣ್ಣುವ ನಾಡಿನಲ್ಲಿ ತಾವು ಸಾವಿರಕ್ಕೊಬ್ಬರು. ಮದುವೆ ಮನೆಯ ಪಂಕ್ತಿಯಲ್ಲಿ ಈ ವೈಶಿಷ್ಟ್ಯ ಯಾವ ಉಪಯೋಗಕ್ಕೂ ಬರುವುದಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಅಟ್ಟ ಹತ್ತಿ ನೋಡಿ. ಹೊಸದಾಗಿ ಕೊಳ್ಳಬೇಕಾದದ್ದು ಹೆಚ್ಚೇನಿಲ್ಲ. ಪೇಟೆಯಲ್ಲಿ ಗ್ಲುಟೆನ್ ರಹಿತ ಎಂಬ ಹಸಿರು ಚೀಟಿ ಅಂಟಿಸಿ ಮಾರುವ ಬಿಸ್ಕತ್ತಿನ ಡಬ್ಬಿಯ ಹಿಂಬದಿ ಓದಿದರೆ ಅಕ್ಕಿ ಹಿಟ್ಟು, ಬಾಳೆಕಾಯಿ ಹಿಟ್ಟು, ಬೆಲ್ಲ, ತೆಂಗಿನಕಾಯಿ ಎಂದಿರುತ್ತದೆ. ಅಮೆರಿಕದಲ್ಲಿರುವ ಮಗ ಊರಿಗೆ ಬರುವಾಗ ಆಯಿಗೆಂದು ಅದನ್ನೇ ಹೊತ್ತು ತರುತ್ತಾನೆ. ಆಯಿ ಒಂದು ಚೂರು ಬಾಯಿಗಿಟ್ಟು, ಡಬ್ಬಿ ಚೆನ್ನಾಗಿದೆ ಎನ್ನುತ್ತಾಳೆ. ಬಿಸ್ಕತ್ತು ಖಾಲಿಯಾದ ಮೇಲೆ ಅದರೊಳಗೆ ಹಪ್ಪಳ ಸೇರುತ್ತದೆ.

ಹಲಸಿನ ಹಪ್ಪಳ: ಬೇಸಿಗೆಯಲ್ಲಿ ಬಲಿತ ಹಲಸಿನಕಾಯಿಯ ಸೊಳೆ ಬೇಯಿಸಿ, ಕಡೆದು, ಉಂಡೆ ಕಟ್ಟಿ, ತಟ್ಟಿ, ಅಂಗಳದಲ್ಲಿ ಒಣಗಿಸಿದ್ದು. ವರ್ಷವಿಡೀ ಕೆಡದು. ಒಣಗುವ ಮೊದಲೇ ಮಕ್ಕಳು ಅರೆಹಸಿ ಹಪ್ಪಳ ತಿಂದು ಮುಗಿಸುವುದನ್ನು ತಯಾರಿಕಾ ನಷ್ಟ ಎಂದು ಬರೆದುಕೊಳ್ಳಿ.

ಅವಲಕ್ಕಿ: ಇಡೀ ವ್ಯವಸ್ಥೆಯ ಬೆನ್ನೆಲುಬು. ಬೆಂಕಿ ಬೇಡ, ನೀರೂ ಬೇಡ. ಮಜ್ಜಿಗೆಯಿದ್ದರೆ ಮಜ್ಜಿಗೆ, ಕಾಯಿತುರಿ ಬೆಲ್ಲವಿದ್ದರೆ ಅದು, ಏನೂ ಇಲ್ಲದಿದ್ದರೆ ಹಾಗೆಯೇ ಮುಕ್ಕಬಹುದು. ಸಂಕಷ್ಟಿ, ಏಕಾದಶಿಗಳಂದು ಇದರ ಬೆಲೆ ಇನ್ನೂ ಏರುತ್ತದೆ. ಅನ್ನ ಬಿಡುವ ಆ ದಿನಗಳಲ್ಲಿ ಮನೆಮಂದಿಯೆಲ್ಲ ಚಪಾತಿ, ರವೆ ಉಪ್ಪಿಟ್ಟು ತಿಂದು ಉಪವಾಸ ಮಾಡುತ್ತಾರೆ. ಗೋಧಿಯಾಗದವರಿಗೆ ಅನ್ನವೂ ಇಲ್ಲ, ಫಲಾಹಾರವೂ ಇಲ್ಲ, ಅವಲಕ್ಕಿಯೂ ಇಲ್ಲದಿದ್ದರೆ ಅವರದ್ದು ಅಪ್ಪಟ ಉಪವಾಸ. ಅವಲಕ್ಕಿ ಅಕ್ಕಿಯಿಂದಾದರೂ ಅನ್ನವಲ್ಲ ಎಂಬ ಧರ್ಮಸೂಕ್ಷ್ಮವನ್ನು ಯಾರು ಕಂಡುಹಿಡಿದರೋ, ಅವರಿಗೆ ಕರುಳಿನ ಮೇಲೆ ಕರುಣೆ ಇತ್ತು.

ತೊಡದೇವು: ಆಲೆಮನೆಯ ಕಾಲದಲ್ಲಿ ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ಕಲಸಿ, ಒಲೆಯ ಮೇಲೆ ಬೋರಲು ಹಾಕಿದ ಗಡಿಗೆಗೆ ಬಟ್ಟೆಯಿಂದ ತೆಳ್ಳಗೆ ಸವರಿ, ಕಾಗದದಂತೆ ಎಬ್ಬಿಸಿ ಮಡಚಿದ್ದು. ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಗರಿಗರಿ ಇರುತ್ತದೆ. ಇದನ್ನು ಪ್ರಯಾಣದ ಆಹಾರ ಎಂದು ಕರೆಯುವವರು ನಮ್ಮ ರಸ್ತೆಗಳಲ್ಲಿ ಪ್ರಯಾಣ ಮಾಡಿದವರಲ್ಲ. ಕಾನಸೂರಿನಲ್ಲಿ ಮಡಿಕೆಯಾಗಿ ಬಸ್ಸು ಹತ್ತಿದ್ದು ಶಿರಸಿಯಲ್ಲಿ ಪುಡಿಯಾಗಿ ಇಳಿಯುತ್ತದೆ. ಪುಡಿಗೆ ತುಪ್ಪ ಹಾಲು ಹಾಕಿ ಚಮಚದಲ್ಲಿ ತಿನ್ನಿ. ಗುಣದಲ್ಲಿ ವ್ಯತ್ಯಾಸವಿಲ್ಲ, ಗೌರವದಲ್ಲಿ ಮಾತ್ರ.

ಬಾಕಾಹು: ಬಾಳೆಕಾಯಿ ಹುಡಿ. ಬಾಳೆಗೊನೆಗೆ ಬೆಲೆ ಇಲ್ಲದ 2021ರಲ್ಲಿ ಕೃಷಿ ಪತ್ರಕರ್ತ ಶ್ರೀ ಪಡ್ರೆ ಈ ಹೆಸರಿನಲ್ಲಿ ಒಂದು ಚಳವಳಿಯನ್ನೇ ಎಬ್ಬಿಸಿದಾಗ ನಮ್ಮ ಜಿಲ್ಲೆಯ ಹೆಂಗಸರು ವಾಟ್ಸ್ಯಾಪಿನಲ್ಲೇ ವಿಧಾನ ಕಲಿತು, ಕಾಯಿ ಹೆಚ್ಚಿ ಒಣಗಿಸಿ ಪುಡಿ ಮಾಡಿ ರೊಟ್ಟಿಯಿಂದ ಗುಲಾಬ್ ಜಾಮೂನಿನವರೆಗೆ ಎಲ್ಲದರಲ್ಲೂ ಬೆರೆಸಿ ನೋಡಿದರು. ಗುಲಾಬ್ ಜಾಮೂನಿಗೆ ಮೈದಾವನ್ನೂ ಸೇರಿಸಿದರೋ ಎಂದು ಕೇಳಿಕೊಂಡೇ ಬಾಯಿಗಿಡಿ.

ಇನ್ನುಳಿದವು, ಅಂದರೆ ಬಾಳಕದ ಮೆಣಸು, ಸಂಡಿಗೆ, ಬಾಳೆಕಾಯಿ ಚಿಪ್ಸು, ಜೋನಿಬೆಲ್ಲ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮುರುಗಲ ಸಿಪ್ಪೆ, ರಾಗಿ, ಅಪ್ಪೆಮಿಡಿಯ ಭರಣಿ, ಇವಕ್ಕೆ ಬೇರೆ ವಿವರಣೆ ಬೇಡ. ಭರಣಿಯ ಬಟ್ಟೆ ಬಿಚ್ಚುವ ಮೊದಲು ಮಾತ್ರ ಕೆಳಗಿನ ಎಚ್ಚರಿಕೆ ಓದಿ.

ಅಪಾಯ: ಇಂಗು

ಕಳ್ಳ ಇಲ್ಲಿದ್ದಾನೆ. ಇಂಗು ಎಂದು ಅಂಗಡಿಯಲ್ಲಿ ಸಿಗುವುದು ಬಹುಪಾಲು ಶುದ್ಧ ಇಂಗಲ್ಲ. ಅಫ್ಘಾನಿಸ್ತಾನ, ಇರಾನುಗಳ ಕಡೆಯಿಂದ ಬರುವ ಗಿಡದ ಹಾಲು ಅಷ್ಟು ಖಾರವಾಗಿರುವುದರಿಂದ ಅದನ್ನು ಅಂಟು ಮತ್ತು ಹಿಟ್ಟಿನ ಜೊತೆ ಕೂಡಿಸಿ ಮಾರುತ್ತಾರೆ. ಆ ಹಿಟ್ಟು ಎಷ್ಟೋ ಸಲ ಮೈದಾ. ಅಕ್ಕಿ ಹಿಟ್ಟಿನಲ್ಲಿ ಕೂಡಿಸಿದ ಇಂಗೂ ಸಿಗುತ್ತದೆ, ಹುಡುಕಬೇಕು. 2020ರ ಅಕ್ಟೋಬರಿನಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ವಿಜ್ಞಾನಿಗಳು ದೇಶದ ಮೊದಲ ಇಂಗಿನ ಸಸಿ ನೆಟ್ಟರು. ಅದು ಬೆಳೆದು ನಮ್ಮ ಒಗ್ಗರಣೆಗೆ ಬರುವವರೆಗೆ ಕಾಯುವಂತಿಲ್ಲ.

ಅಪ್ಪೆಹುಳಿಗೆ ಇಂಗು ಹಾಕದೆ ಇರುವುದು ಈ ಸೀಮೆಯಲ್ಲಿ ಸಾಧ್ಯವಿಲ್ಲದ ಮಾತು. ಮಾವಿನಮಿಡಿ, ಉಪ್ಪು, ಮೆಣಸು, ನೀರು, ಎಣ್ಣೆ ಎಲ್ಲವೂ ನಿರಪರಾಧಿಗಳು. ಕೊನೆಯ ಗಳಿಗೆಯಲ್ಲಿ ಚೊಂಯ್ ಎಂದು ಬಿದ್ದ ಆ ಚಿಟಿಕೆಯಿಂದ ಇಡೀ ಪಾತ್ರೆ ತಮಗೆ ನಿಷಿದ್ಧ. ಉಪ್ಪಿನಕಾಯಿ, ಸಾರಿನ ಪುಡಿ, ಸಾಂಬಾರು ಪುಡಿ, ಪೇಟೆಯ ಉದ್ದಿನ ಹಪ್ಪಳ ಎಲ್ಲವುಗಳಲ್ಲೂ ಇದೇ ಕಥೆ. ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಾದರೂ ಗೋಧಿ ಇದೆ ಎಂದು ಬರೆಯಲೇಬೇಕೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ಕಿಲೋವೊಂದರಲ್ಲಿ 20 ಮಿಲಿಗ್ರಾಮಿಗಿಂತ ಕಡಿಮೆ ಇರಬೇಕು. ಕಿಲೋ ಎಂದರೆ ಹತ್ತು ಲಕ್ಷ ಮಿಲಿಗ್ರಾಂ. ಚಿಟಿಕೆಯ ಲೆಕ್ಕ ಇದರ ಮುಂದೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಂಚೂರು ಎಂದು ಒತ್ತಾಯ ಮಾಡುವವರಿಗೆ ವಿವರಿಸಿ. ಅವರು ಪೂರ್ತಿ ಕೇಳಿ, ತಲೆಯಾಡಿಸಿ, ಒಂಚೂರು ಬಡಿಸುತ್ತಾರೆ.

ಸ್ಥಾಪನೆ: ಗೋಧಿಯನ್ನು ಮುಸುರೆ ಮಾಡುವುದು

ಒಂದೇ ಸೌಟು, ಒಂದೇ ಕಾವಲಿ, ಒಂದೇ ಒರೆಸುವ ಬಟ್ಟೆ, ಹಿಟ್ಟಿನ ಕೈಯಲ್ಲಿ ಮುಟ್ಟಿದ ಉಪ್ಪಿನ ಡಬ್ಬಿ, ಇವುಗಳ ಮೂಲಕ ಗೋಧಿ ನುಸುಳುತ್ತದೆ ಎಂಬುದನ್ನು ಮನೆಯವರಿಗೆ ಮನಗಾಣಿಸುವುದು ಹೇಗೆ? ಪೇಟೆಯ ಪಥ್ಯತಜ್ಞರು ಇದಕ್ಕಾಗಿ ಬಣ್ಣದ ಚಿತ್ರಪಟ ತೋರಿಸುತ್ತಾರೆ. ಇಲ್ಲಿ ಅದು ಬೇಡ. ಮನೆಯ ಅತಿ ಹಿರಿಯ ಹೆಂಗಸಿನ ಬಳಿ ಕುಳಿತು, ಅಮ್ಮಮ್ಮ, ಇನ್ನು ಮೇಲೆ ನನಗೆ ಗೋಧಿಯೇ ಮುಸುರೆ, ಎಂದು ಹೇಳಿ. ಸಾಕು.

ಮುಸುರೆಯ ನಿಯಮ ಇದು: ಅನ್ನದ ಸೌಟು ಹಾಲಿನ ಪಾತ್ರೆಗೆ ತಾಗಬಾರದು, ಅನ್ನ ಮುಟ್ಟಿದ ಕೈ ತೊಳೆಯದೆ ತುಪ್ಪದ ಡಬ್ಬಿ ಮುಟ್ಟಬಾರದು, ಮುಸುರೆ ಪಾತ್ರೆಗೆ ಬೇರೆ ಜಾಗ, ಬಡಿಸುವಾಗ ಎಡಗೈ ಬಲಗೈಗಳ ಬೇರೆ ಬೇರೆ ಕೆಲಸ. ಕಣ್ಣಿಗೆ ಕಾಣದ ಒಂದು ಕಣ ಸೌಟಿನಿಂದ ಪಾತ್ರೆಗೆ, ಪಾತ್ರೆಯಿಂದ ಊಟಕ್ಕೆ ದಾಟುತ್ತದೆ ಎಂಬ ಸಿದ್ಧಾಂತವನ್ನು ಆಕೆ ಏಳನೇ ವಯಸ್ಸಿನಲ್ಲೇ ಕಲಿತಿದ್ದಾಳೆ. ಬದಲಾಗಬೇಕಾದದ್ದು ಧಾನ್ಯದ ಹೆಸರು ಮಾತ್ರ. ಮಡಿ-ಮೈಲಿಗೆ ಮನುಷ್ಯರಿಗೆ ಮಾಡಿದ ಅನ್ಯಾಯವನ್ನು ಯಾವ ಕೈಪಿಡಿಯೂ ಸಮರ್ಥಿಸಲಾರದು. ಅದು ಸೌಟಿಗೆ ಕಲಿಸಿದ ಶಿಸ್ತಿನಿಂದ ಒಬ್ಬರ ಕರುಳು ಉಳಿದರೆ ಉಳಿಯಲಿ. ಒಂದು ವಾರದೊಳಗೆ ಆಕೆ ಚಪಾತಿ ಲಟ್ಟಿಸುವ ಸೊಸೆಯನ್ನು ಅಡುಗೆಮನೆಯ ಆಚೆ ಮೂಲೆಗೆ ಓಡಿಸಿರುತ್ತಾಳೆ. ಆ ನಂತರದ ಮಾತುಕತೆಗಳು ಈ ಉತ್ಪನ್ನದ ವಾರಂಟಿಗೆ ಒಳಪಡುವುದಿಲ್ಲ.

ಗಿರಣಿಯ ಬಗ್ಗೆ ಒಂದು ಮಾತು. ಹಿಂದಿನವರ ಗೋಧಿ ಬೀಸಿದ ಕಲ್ಲಿಗೇ ತಮ್ಮ ಅಕ್ಕಿ ಬೀಳುತ್ತದೆ. ಗಿರಣಿಯವರ ಸ್ನೇಹ ಸಂಪಾದಿಸಿ ಅಕ್ಕಿ ಬೀಸುವ ಸರದಿಯ ಕೊನೆಯಲ್ಲಿ ನಿಂತು, ಮೊದಲು ಬಂದ ಹಿಟ್ಟನ್ನು ದನಕ್ಕೆ ಹಾಕಿದರೂ ಪೂರ್ತಿ ಭರವಸೆ ಇಲ್ಲ. ಮನೆಯ ಬೀಸುಕಲ್ಲು ತುಳಸಿಕಟ್ಟೆಯ ಹತ್ತಿರ ಅಲಂಕಾರಕ್ಕೆ ನಿಂತಿದ್ದರೆ ಒಳಗೆ ತನ್ನಿ, ಅಥವಾ ಅಕ್ಕಿಗೆಂದೇ ಒಂದು ಮಿಕ್ಸಿ ಜಾರ್ ಇಡಿ.

ತುರ್ತು ಪರಿಸ್ಥಿತಿ: ಮಳೆ

ಈ ಕಾಯಿಲೆಗೆ ಗೋಧಿಯೇ ಕಾರಣ ಎಂದು ಜಗತ್ತಿಗೆ ಗೊತ್ತಾದದ್ದರಲ್ಲಿ ಒಂದು ತುರ್ತು ಪರಿಸ್ಥಿತಿಯ ಪಾಲೂ ಇದೆ. ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಮೊದಲಿನಿಂದಲೂ ಗೋಧಿಯ ಮೇಲೆ ಗುಮಾನಿ ಇಟ್ಟಿದ್ದರು. 1944-45ರ ಚಳಿಗಾಲದಲ್ಲಿ ಯುದ್ಧದ ದಿಗ್ಬಂಧನದಿಂದ ನೆದರ್ಲೆಂಡ್ಸಿನಲ್ಲಿ ಬ್ರೆಡ್ಡೇ ಸಿಗದಾಯಿತು. ಊರಿಗೆ ಊರೇ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿದೊಡನೆ ಮತ್ತೆ ಮಲಗಿದರು. ಡಿಕೆ 1950ರಲ್ಲಿ ಇದನ್ನು ಪ್ರಬಂಧವಾಗಿ ಬರೆದರು.

ನಮ್ಮಲ್ಲಿ ಇದು ತಿರುಗಾಮುರುಗಾ. 1956ರಲ್ಲಿ ಅಮೆರಿಕದೊಡನೆ ಪಿ.ಎಲ್. 480 ಒಪ್ಪಂದವಾಗಿ ಹಡಗುಗಟ್ಟಲೆ ಗೋಧಿ ಬಂದಾಗಿನಿಂದ, ಆಪತ್ತು ಎಂದರೆ ಗೋಧಿ ಎಂದಾಗಿದೆ. ನೆರೆ ಬಂದರೆ ದಾನಿಗಳು ತರುವುದು ಬಿಸ್ಕತ್ತು, ಬ್ರೆಡ್ಡು, ಬನ್ನು. ಕಾಳಜಿ ಕೇಂದ್ರದ ಬೆಳಗಿನ ತಿಂಡಿ ಉಪ್ಪಿಟ್ಟು. ಜ್ವರ ಬಂದು ಮಲಗಿದರೆ ನೋಡಲು ಬಂದವರ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ, ಮಾಲ್ಟಿನ ಪುಡಿಯ ಬಾಟಲಿ. ಮಾಲ್ಟ್ ಎಂದರೆ ಸಾಮಾನ್ಯವಾಗಿ ಮೊಳಕೆ ಬರಿಸಿದ ಬಾರ್ಲಿ. ಅದೂ ಸಾಲದೆಂದು ಒಳಗಿನಿಂದ ಯಾರೋ ಬಾರ್ಲಿ ನೀರು ಕಾಸಿ ತರುತ್ತಾರೆ. ಕಾಯಿಲೆಯವರಿಗೆ ಊರು ತೋರುವ ಪ್ರೀತಿಯೆಲ್ಲ ಈ ಕಾಯಿಲೆಯವರಿಗೆ ವಿಷವಾಗಿಯೇ ಬಂದು ಸೇರುವುದು ಒಂದು ವಿಚಿತ್ರ.

ಆದ್ದರಿಂದ ತಮ್ಮ ಡಬ್ಬಿ ತಮ್ಮ ಬಳಿ ಇರಲಿ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಒಟ್ಟಿಗೇ ಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೇ ಬಂದು ಬಿದ್ದು ಜೀವಹಾನಿಯಾಯಿತು, ಘಟ್ಟದ ಕೆಳಗಿನ ಸಂಚಾರ ದಿನಗಟ್ಟಲೆ ನಿಂತಿತು. ಇಂಥ ಹೊತ್ತಿನಲ್ಲಿ ಯಾರೂ ಇಂಗಿನ ವಿಚಾರ ಕೇಳಲಾರರು, ತಾವೂ ಕೇಳಲಾರಿರಿ. ಅಟ್ಟದ ದಾಸ್ತಾನು ಅಟ್ಟದ ಜೊತೆಗೇ ಹೋಗಬಹುದು ಎಂಬುದನ್ನು ನೆನಪಿಟ್ಟು, ಬಾಗಿಲ ಬಳಿ ಮೊಳೆಗೆ ಒಂದು ಕೈಚೀಲ ತೂಗುಹಾಕಿ. ಅದರಲ್ಲಿ ಒಲೆ ಬೇಡದ್ದು ಮಾತ್ರ: ಹುರಿದ ಅವಲಕ್ಕಿ, ಅರಳಿನ ಹಿಟ್ಟು, ಶೇಂಗಾ, ಕೊಬ್ಬರಿ, ಅಚ್ಚುಬೆಲ್ಲ, ಬಾಳೆಕಾಯಿ ಚಿಪ್ಸು, ಉಪ್ಪು. ಜೊತೆಗೆ ಒಂದು ತಟ್ಟೆ, ಲೋಟ, ಚಮಚ ಮತ್ತು ವೈದ್ಯರ ಚೀಟಿಯ ಪ್ರತಿ, ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ. ಅಕ್ಕಿ ಬೇಡ, ಒದ್ದೆ ಕಟ್ಟಿಗೆಯಲ್ಲಿ ಅಕ್ಕಿ ಬೇಯಿಸುವ ಸಾಹಸ ಕಾಳಜಿ ಕೇಂದ್ರದವರೇ ಮಾಡುತ್ತಾರೆ, ಆ ಬರಿ ಅನ್ನಕ್ಕೆ ತಮ್ಮ ಉಪ್ಪು ಹಾಕಿಕೊಂಡು ಉಣ್ಣಬಹುದು.

ಚೀಲವನ್ನು ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಜೂನಿನಿಂದ ಸೆಪ್ಟೆಂಬರ್ ತನಕ ಈ ಸೀಮೆಯಲ್ಲಿ ಚಪ್ಪಲಿಗೂ ಬೂಸಲು ಹಿಡಿಯುತ್ತದೆ. ಬೂಸಲು ಬಾರದಿದ್ದರೂ ಚಿಪ್ಸು ಇರುವುದಿಲ್ಲ. ಮನೆಯ ಮಕ್ಕಳ ಮಟ್ಟಿಗೆ ಶಾಲೆಯಿಂದ ಬರುವ ಸಂಜೆ ಐದು ಗಂಟೆಯೂ ತುರ್ತು ಪರಿಸ್ಥಿತಿಯೇ.

ಚಲಿಸುವಾಗ

ತಾಳಗುಪ್ಪದಿಂದ ರೈಲು ಹತ್ತುವವರು ಅರಸೀಕೆರೆಯಲ್ಲಿ ಇಡ್ಲಿ ತಿನ್ನಬಹುದು, ಅದು ಅಕ್ಕಿ ಇಡ್ಲಿಯಾದರೆ. ಸಾಂಬಾರು ಬೇಡ, ಕಾರಣ ಮೇಲೆ ಹೇಳಿದೆ. ಮನೆಯ ಚಟ್ನಿಪುಡಿ ಒಯ್ಯಿರಿ. ರಾತ್ರಿ ಬಸ್ಸು ನಿಲ್ಲಿಸುವ ಹೆದ್ದಾರಿಯ ಹೋಟೆಲುಗಳಲ್ಲಿ ದೋಸೆ ಗರಿಯಾಗಲೆಂದು ರವೆಯೋ ಮೈದಾವೋ ಸೇರಿರಬಹುದು. ಹುಬ್ಬಳ್ಳಿಯ ಮಿರ್ಚಿ ಭಜಿ ಕಡಲೆ ಹಿಟ್ಟಿನದೇ, ನಿಜ. ಅದು ಈಜಾಡಿದ ಎಣ್ಣೆಯಲ್ಲಿ ಬೆಳಗಿನಿಂದ ಮೈದಾದ ಏನೇನು ಈಜಾಡಿತೋ ಭಜಿಯವನಿಗೂ ನೆನಪಿರುವುದಿಲ್ಲ.

ಜೋನಿಬೆಲ್ಲವನ್ನು ಬಾಟಲಿಯಲ್ಲಿ ಹಾಕಿ, ಕೊಟ್ಟೆಯಲ್ಲಿ ಕಟ್ಟಿ, ಇನ್ನೊಂದು ಕೊಟ್ಟೆಯಲ್ಲಿ ಕಟ್ಟಿ, ಆಮೇಲೆ ಒಯ್ಯದೆ ಮನೆಯಲ್ಲೇ ಬಿಡಿ.

ವಿದೇಶಕ್ಕೆ ಹಾರುವವರು ವಿಮಾನದ ಟಿಕೇಟಿನ ಜೊತೆಗೇ ಗ್ಲುಟೆನ್ ರಹಿತ ಊಟ ಬೇಕೆಂದು ತಿಳಿಸಬೇಕು, ಅದಕ್ಕೆ ಜಿ.ಎಫ್.ಎಂ.ಎಲ್. ಎಂಬ ಗುರುತಿದೆ. ಊಟ ಬಂದರೂ ಬಾರದಿದ್ದರೂ ಕೈಚೀಲದಲ್ಲಿ ಒಣ ತಿಂಡಿ ಇರಲಿ. ಉಪ್ಪಿನಕಾಯಿಯ ಭರಣಿ ದೊಡ್ಡ ಪೆಟ್ಟಿಗೆಯೊಳಗೆ ಹೋಗತಕ್ಕದ್ದು.

ದೋಷ ಮತ್ತು ಪರಿಹಾರ

ದೋಷ: ನೆಂಟರ ಮನೆಯಲ್ಲಿ ಎಲೆಯ ಮುಂದೆ ಕೂರಿಸಿ, ಹೋಳಿಗೆ ಹಿಡಿದು ನಿಂತು, ‘ಇದು ಗೋದಿ ಅಲ್ದೋ ಮಾಣಿ, ಮೈದಾ’ ಎನ್ನುತ್ತಾರೆ.
ಪರಿಹಾರ: ಮೈದಾ, ರವೆ, ಚಿರೋಟಿ ರವೆ, ಸಜ್ಜಿಗೆ, ಪಾಯಸದ ಶ್ಯಾವಿಗೆ ಎಲ್ಲವೂ ಒಂದೇ ತಾಯಿಯ ಮಕ್ಕಳು ಎಂದು ನಗುತ್ತಲೇ ಹೇಳಿ, ಎರಡೂ ಕೈ ಎಲೆಗೆ ಅಡ್ಡ ಹಿಡಿಯಿರಿ. ಎರಡೂ ಕೈ ಎಂಬುದನ್ನು ಗಮನಿಸಿ.

ದೋಷ: ‘ಒಂಚೂರು ತಿಂದ್ರೆ ಎಂತೂ ಆಗ್ತಿಲ್ಲೆ.’
ಪರಿಹಾರ: ಇದಕ್ಕೆ ವಿಜ್ಞಾನ ನಾಟುವುದಿಲ್ಲ. ಹರಕೆ ನಾಟುತ್ತದೆ. ಶಿರಸಿಯ ಮಾರಿಕಾಂಬೆಗೆ ಹೇಳಿಕೊಂಡು ಗೋಧಿ ಬಿಟ್ಟಿದ್ದೇನೆ ಎಂದರೆ ಬಡಿಸುವ ಕೈ ಅಲ್ಲೇ ನಿಲ್ಲುತ್ತದೆ. ಸುಳ್ಳು ಹೇಳಲು ಮನಸ್ಸಾಗದವರು ನಿಜವಾಗಿಯೇ ಹರಕೆ ಹೊರಬಹುದು. ಹೇಗೂ ಜನ್ಮಪೂರ್ತಿ ತಪ್ಪುವ ಹಾಗಿಲ್ಲ.

ದೋಷ: ಮನೆಯೊಡತಿ ನೊಂದುಕೊಂಡು, ನಮ್ಮನೆಯಲ್ಲಿ ಏನೂ ತಿನ್ನಲಿಲ್ಲ ಎನ್ನುತ್ತಾರೆ.
ಪರಿಹಾರ: ಒಳಗೆ ಹೋಗುವಾಗಲೇ ಮಜ್ಜಿಗೆ ಕೇಳಿ, ಒಗ್ಗರಣೆ ಹಾಕದ್ದು. ಎರಡನೇ ಲೋಟವನ್ನೂ ತಾವೇ ಕೇಳಿ. ಬಾಳೆಹಣ್ಣು ತಿನ್ನಿ, ಕವಳ ಹಾಕಿ. ಬೇಡ ಎಂದ ಪದಾರ್ಥಕ್ಕಿಂತ ಕೇಳಿ ಪಡೆದ ಪದಾರ್ಥ ಹೆಚ್ಚಿದ್ದರೆ ಲೆಕ್ಕ ಸರಿಹೋಗುತ್ತದೆ.

ಮರುಭರ್ತಿ

ಚೌತಿಯ ಹೊತ್ತಿಗೆ ಅಟ್ಟ ಬರಿದಾಗುತ್ತದೆ. ಆಗಲೇ ಚಕ್ಕುಲಿ ಕಂಬಳ. ಅಕ್ಕಪಕ್ಕದವರೆಲ್ಲ ಒಂದು ಮನೆಯಲ್ಲಿ ಸೇರಿ, ಅಕ್ಕಿ ಮತ್ತು ಉದ್ದಿನ ಹಿಟ್ಟು ನಾದಿ, ಒರಳಿನ ಹಂಗಿಲ್ಲದೆ ಕೈಯಲ್ಲೇ ಹುರಿ ಹೊಸೆದು ಸುತ್ತು ಸುತ್ತುವ ಕೆಲಸ. ನುರಿತವರ ಕೈಯಲ್ಲಿ ಅದು ನೂಲಿನಂತೆ ಇಳಿಯುತ್ತದೆ. ಇಲ್ಲಿ ಯಾರಿಗೂ ಯಾವ ಪಥ್ಯವೂ ಇಲ್ಲ, ತಮಗೂ ಇಲ್ಲ. ಎಲ್ಲರೊಡನೆ ಕುಳಿತು, ಎಲ್ಲರಷ್ಟೇ ತಿನ್ನಬಹುದಾದ ವರ್ಷದ ಕೆಲವೇ ಸಂಜೆಗಳಲ್ಲಿ ಇದೂ ಒಂದು.

ಒಂದೇ ಷರತ್ತು: ಅದೇ ಬಾಣಲೆಯಲ್ಲಿ ಮೈದಾದ ಕರ್ಜಿಕಾಯಿಯೂ ಬೇಯಲಿಕ್ಕಿದೆ. ಚಕ್ಕುಲಿ ಮೊದಲು, ಕರ್ಜಿಕಾಯಿ ಆಮೇಲೆ. ತಮ್ಮ ಪಾಲಿನ ಚಕ್ಕುಲಿ ಡಬ್ಬಿ ಸೇರಿ, ಮುಚ್ಚಳ ಬಿದ್ದು, ಅಟ್ಟ ಹತ್ತಿದ ಮೇಲೆಯೇ ಮೊದಲ ಕರ್ಜಿಕಾಯಿ ಎಣ್ಣೆಗೆ ಇಳಿಯಲಿ. ಮಿಕ್ಕ ಎಣ್ಣೆಯಲ್ಲಿ ಮಾರನೇ ದಿನ ಹಲಸಿನ ಹಪ್ಪಳ ಕರಿಯಬಹುದೇ, ಚೆಲ್ಲಬೇಕೇ, ದೀಪಕ್ಕೆ ಹಾಕಬೇಕೇ ಎಂಬ ಬಗ್ಗೆ ಅತ್ತೆ-ಸೊಸೆಯರ ನಡುವೆ ಈ ಕೈಪಿಡಿ ಬಾಯಿ ಹಾಕುವುದಿಲ್ಲ.